ಶಿರಸಿಯಿಂದ ಕನ್ಯಾಕುಮಾರಿ, ಬರುವಾಗ ಊಟಿ ಮೇಲೆ: ಯಾವ ಸೈಕಲ್ ತಗೊಳ್ಳಲಿ?

ತೋಟದಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ಅಡಿಕೆ ಕೊಯ್ಲು ಮುಗಿದು ಸಂಕ್ರಾಂತಿ ಕಳೆದ ಮೇಲೆ ಸೈಕಲ್ ಮೇಲೆ ದೂರ ಹೋಗಿಬರುವುದು ಅಂತ ತೀರ್ಮಾನ ಮಾಡಿದ್ದೇನೆ. ಮನೆಯಲ್ಲೂ ಹೂಂ ಅಂದಿದ್ದಾರೆ. ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ಹೆದ್ದಾರಿ 66 ಹಿಡಿದು ಹೊನ್ನಾವರ, ಭಟ್ಕಳ, ಮಂಗಳೂರು, ಕೇರಳ ದಾಟಿ ಕನ್ಯಾಕುಮಾರಿ. ಬರುವಾಗ ತಿರುನೆಲ್ವೇಲಿ, ಮಧುರೈ, ಮೆಟ್ಟುಪಾಳ್ಯಂ, ಕೋತಗಿರಿ, ಊಟಿ, ಮೈಸೂರು, ಶಿವಮೊಗ್ಗ, ಸಾಗರ, ಸಿದ್ದಾಪುರ, ಮನೆ. ಟೆಂಟ್ ಒಯ್ಯುವುದಿಲ್ಲ, ಲಾಡ್ಜ್, ಛತ್ರ, ನೆಂಟರ ಮನೆ ಅಂತ ಉಳಿದುಕೊಳ್ಳುತ್ತೇನೆ. ಆದರೂ ಬಟ್ಟೆ, ಊಟಿಗೆ ಸ್ವೆಟರ್, ಹೊದಿಕೆ, ರಿಪೇರಿ ಸಾಮಾನು, ನೀರು ಎಲ್ಲ ಸೇರಿ 15 ಕೆಜಿ ಹತ್ತಿರ ಬರುತ್ತದೆ.

ನನ್ನ ಎತ್ತರ 158 ಸೆಂ.ಮೀ, ತೂಕ 55 ಕೆಜಿ. ಚೀಲ, ಕ್ಯಾರಿಯರ್ ಎಲ್ಲ ಸೇರಿ 60 ಸಾವಿರ ತನಕ ಖರ್ಚು ಮಾಡಬಹುದು. ಮೂರು ಸೈಕಲ್ ನೋಡಿಟ್ಟಿದ್ದೇನೆ.

ಒಂದು, ಹುಬ್ಬಳ್ಳಿಯಲ್ಲಿ ಹೊಸ ಹೈಬ್ರಿಡ್, ಅಂದರೆ ರಸ್ತೆ ಸೈಕಲ್ಲಿಗೂ ಎಂಟಿಬಿಗೂ ನಡುವಿನದು. ಅಲ್ಯೂಮಿನಿಯಂ, ಮುಂದೆ ಸಸ್ಪೆನ್ಷನ್, ಹಿಂದೆ 7 ಗೇರ್. 30 ಸಾವಿರದ ಒಳಗೆ. ಎರಡು, ಗ್ರಾವೆಲ್ ಸೈಕಲ್ (ಕಚ್ಚಾದಾರಿಗೂ ಆಗುವ ದಪ್ಪ ಟಯರಿನ ರಸ್ತೆ ಸೈಕಲ್), ಮುಂದೆ ಒಂದೇ ಹಲ್ಲುಚಕ್ರ, 40 ಹಲ್ಲಿನದು, ಹಿಂದೆ 11ರಿಂದ 42 ಹಲ್ಲು, ಕಾರ್ಬನ್ ಫೋರ್ಕ್, ಹೈಡ್ರಾಲಿಕ್ ಬ್ರೇಕ್. 10 ಕೆಜಿ ಅಷ್ಟೇ. ಇದಕ್ಕೇ ನನ್ನ ಬಜೆಟ್ ಖಾಲಿ. ಮೂರು, ಮಡಗಾವಿನಲ್ಲಿ ಒಬ್ಬರು ಮಾರುತ್ತಿರುವ ಹಳೆಯ ಸ್ಟೀಲ್ ಟೂರಿಂಗ್ ಸೈಕಲ್, 26 ಇಂಚಿನ ಚಕ್ರ, ಮುಂದೆ ಮೂರು ಹಲ್ಲುಚಕ್ರ, 48/36/26 ಹಲ್ಲು, ಹಿಂದೆ 11ರಿಂದ 34, ಕ್ಯಾರಿಯರ್ ಸಮೇತ. ತೂಕ 14 ಕೆಜಿ ಅಂತೆ.

ಮನಸ್ಸು ಗ್ರಾವೆಲ್ ಕಡೆಗೇ ಎಳೆಯುತ್ತಿದೆ. ಹಗುರ ಅಲ್ವಾ, ಘಟ್ಟ ಹತ್ತುವಾಗ ಅದೇ ಒಳ್ಳೆಯದಲ್ವಾ?

ಅರಬೈಲ್ ಏರು, ಯಲ್ಲಾಪುರ

ತಂಗಿ, ಸೈಕಲ್ ತೂಕಕ್ಕಿಂತ ಮೊದಲು ಅತಿ ಸಣ್ಣ ಗೇರ್ ನೋಡು. ಮುಂದಿನ ಸಣ್ಣ ಹಲ್ಲುಚಕ್ರದ ಹಲ್ಲಿನ ಲೆಕ್ಕವನ್ನು ಹಿಂದಿನ ದೊಡ್ಡದರ ಹಲ್ಲಿನಿಂದ ಭಾಗಿಸಿ, ಚಕ್ರದ ಸುತ್ತಳತೆಯಿಂದ ಗುಣಿಸಿದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಎಷ್ಟು ಮುಂದೆ ಹೋಗುತ್ತದೆ ಅಂತ ಸಿಗುತ್ತದೆ. ಗ್ರಾವೆಲ್‌ನಲ್ಲಿ 40 ಭಾಗಿಸು 42, ಸುತ್ತಳತೆ 2.17 ಮೀಟರ್, ಅಂದರೆ ಸುಮಾರು 2.07 ಮೀಟರ್. ಮಡಗಾವಿನದ್ದಕ್ಕೆ 26 ಭಾಗಿಸು 34, ಸುತ್ತಳತೆ 2.03, ಅಂದರೆ 1.55 ಮೀಟರ್.

ನಿಮಿಷಕ್ಕೆ 60 ಸುತ್ತು ತುಳಿಯುತ್ತೀಯ ಅಂತ ಇಟ್ಟುಕೊ. ಅದಕ್ಕಿಂತ ಕೆಳಗೆ ಇಳಿದರೆ ಮಂಡಿ ಮೇಲೆ ಭಾರ ಬೀಳುತ್ತದೆ. ಗ್ರಾವೆಲ್ ನಿನ್ನನ್ನು ಗಂಟೆಗೆ 7.4 ಕಿ.ಮೀ ವೇಗದಲ್ಲಿ ಹತ್ತಲೇಬೇಕು ಅನ್ನುತ್ತದೆ. ಸ್ಟೀಲ್ ಸೈಕಲ್ 5.6ರಲ್ಲೂ ಬಿಡುತ್ತದೆ. 100 ಮೀಟರಿಗೆ 6 ಮೀಟರ್ ಏರುವ ರಸ್ತೆ, ನೀನು, ಸೈಕಲ್, ಸಾಮಾನು ಸೇರಿ 84 ಕೆಜಿ ಅಂತ ಲೆಕ್ಕ ಹಾಕಿದರೆ ಗಂಟೆಗೆ 7.4 ಕಿ.ಮೀ ಹೋಗಲಿಕ್ಕೆ ಸುಮಾರು 115 ವಾಟ್ ಬೇಕು, 5.6ಕ್ಕೆ 87 ವಾಟ್ ಸಾಕು. 28 ವಾಟ್ ವ್ಯತ್ಯಾಸ ಹತ್ತು ನಿಮಿಷದ ಏರಿನಲ್ಲಿ ಏನೂ ಅಲ್ಲ. ಮೆಟ್ಟುಪಾಳ್ಯಂ ಸಮುದ್ರಮಟ್ಟದಿಂದ 300 ಚಿಲ್ಲರೆ ಮೀಟರ್, ಊಟಿ 2,240 ಮೀಟರ್. ಬೆಳಿಗ್ಗೆ ಶುರು ಮಾಡಿದರೆ ಮಧ್ಯಾಹ್ನ ದಾಟಿದರೂ ಹತ್ತುತ್ತಲೇ ಇರುತ್ತೀಯ. ಅಲ್ಲಿ ಆ 28 ವಾಟೇ ಕೂತು ತುಳಿಯುವುದಾ, ಇಳಿದು ದಬ್ಬುವುದಾ ಅಂತ ತೀರ್ಮಾನ ಮಾಡುವುದು.

ಕಾಳಿತೀರ, ಕಾರವಾರ

ಅಣ್ಣ, ಲೆಕ್ಕ ಸರಿ, ಆದರೆ ಗ್ರಾವೆಲ್‌ಗೆ ಅನ್ಯಾಯ ಮಾಡಿದ್ದೀರಿ. 10 ಕೆಜಿ ಸೈಕಲ್‌ಗೆ 14 ಕೆಜಿ ಸೈಕಲ್‌ನ ಭಾರ ಹೊರಿಸಿದ್ದೀರಲ್ಲ. ನಾನು ಅಂಥದ್ದೇ ಓಡಿಸುತ್ತೇನೆ. ಕ್ಯಾರಿಯರ್ ಬೇಡ, ಸೀಟಿನ ಹಿಂದೆ ಒಂದು ಉದ್ದ ಚೀಲ, ಫ್ರೇಮ್ ನಡುವೆ ಒಂದು, ಹ್ಯಾಂಡಲ್‌ಗೆ ಒಂದು. ಸಾಮಾನು 7 ಕೆಜಿಗೆ ಇಳಿಸಿದರೆ ಒಟ್ಟು 72. ಲಾಡ್ಜಿನಲ್ಲಿ ಉಳಿಯುವವರಿಗೆ 15 ಕೆಜಿ ಯಾಕೆ? ಎರಡು ಜೊತೆ ಬಟ್ಟೆ, ದಿನಾ ಸಂಜೆ ಒಗೆದು ಒಣಗಿಸುವುದು, ಮುಗಿಯಿತು.

ಮುಂದಿನ 40 ಹಲ್ಲು ತೆಗೆದು 36 ಹಾಕಿಸಿ. ಒಂದು ಸುತ್ತಿಗೆ 1.86 ಮೀಟರ್ ಆಗುತ್ತದೆ. ಇಳಿಜಾರಿನಲ್ಲಿ ಸ್ವಲ್ಪ ವೇಗ ಕಮ್ಮಿ, ಅಷ್ಟೇ.

ಅರಬೈಲ್ ಏರು, ಯಲ್ಲಾಪುರ

ಒಪ್ಪಿದೆ. 40 ಹಲ್ಲೇ ಇಟ್ಟುಕೊಂಡು ಸಾಮಾನು ಮಾತ್ರ ಇಳಿಸಿದರೆ 99 ವಾಟ್ ಬರುತ್ತದೆ, ಅದು ಇನ್ನೂ ಜಾಸ್ತಿ. 36 ಹಾಕಿ, 7 ಕೆಜಿ ಮಾತ್ರ ಒಯ್ದರೆ 89. ಸ್ಟೀಲ್ ಸೈಕಲ್ 15 ಕೆಜಿ ಹೊತ್ತು ಹತ್ತುವುದಕ್ಕೆ ಹೆಚ್ಚುಕಮ್ಮಿ ಸಮ ಆಯಿತು. ಅಂದರೆ ಈಗ ಪ್ರಶ್ನೆ ಸಾಮಾನಿನದ್ದು, ಸೈಕಲ್‌ದಲ್ಲ. ತಂಗಿಗೆ 7 ಕೆಜಿಯಲ್ಲಿ ಸಂಸಾರ ಮಾಡಲಿಕ್ಕೆ ಆಗುತ್ತದಾ ಅಂತ ಅವಳೇ ಹೇಳಬೇಕು.

ಚಕ್ರದ ಅಂಗಡಿ, ಕುಮಟಾ

ಗೇರ್ ಲೆಕ್ಕ ನೀವು ಹಾಕಿಕೊಳ್ಳಿ. ನಾನು ಹಿಂದಿನ ಚಕ್ರದ ಬಗ್ಗೆ ಹೇಳುತ್ತೇನೆ. ದೂರ ಹೋಗುವವರು ನನ್ನ ಅಂಗಡಿ ಮುಂದೆ ನಿಂತರೆ ಮುಕ್ಕಾಲು ಪಾಲು ಅದೇ ಕಾರಣಕ್ಕೆ.

ಮೊದಲು ಆ ಹೈಬ್ರಿಡ್. ಹಿಂದೆ 7 ಗೇರ್ ಅಂದಿದ್ದೀರಿ. ಆ ಬೆಲೆಗೆ ಅದು ಹೆಚ್ಚಾಗಿ ಹಬ್‌ಗೆ, ಅಂದರೆ ಚಕ್ರದ ನಡುವಿನ ಭಾಗಕ್ಕೆ, ತಿರುಗಿಸಿ ಕೂರಿಸುವ ಫ್ರೀವೀಲ್ ಆಗಿರುತ್ತದೆ. ಅದರಲ್ಲಿ ಬಲಗಡೆಯ ಬೇರಿಂಗ್ ಫ್ರೀವೀಲ್‌ನ ಒಳಗಡೆ, ಹಬ್ ಹತ್ತಿರವೇ ನಿಲ್ಲುತ್ತದೆ. ಅಲ್ಲಿಂದ ಫ್ರೇಮ್ ತನಕ ಆಕ್ಸಲ್‌ಗೆ ಯಾವ ಆಸರೆಯೂ ಇಲ್ಲ. ಭಾರ ಹಾಕಿ ಗುಂಡಿಗೆ ಇಳಿಸಿದರೆ ಆಕ್ಸಲ್ ಬಾಗುತ್ತದೆ, ಕೊನೆಗೆ ತುಂಡಾಗುತ್ತದೆ. ಕ್ಯಾಸೆಟ್, ಅಂದರೆ ಹಬ್ ಮೇಲೆ ಜಾರಿಸಿ ಕೂರಿಸುವ ಹಲ್ಲುಚಕ್ರಗಳ ಗೊಂಚಲು ಇರುವ ಹಬ್‌ನಲ್ಲಿ ಬೇರಿಂಗ್ ಹೊರಗೆ, ಫ್ರೇಮ್ ಪಕ್ಕಕ್ಕೆ ಬರುತ್ತದೆ. ಅದು ತಡೆಯುತ್ತದೆ. ಆದ್ದರಿಂದ ಹಿಂದೆ ಕ್ಯಾಸೆಟ್ ಇಲ್ಲದ ಸೈಕಲ್ ಮೇಲೆ 15 ಕೆಜಿ ಹೇರಿ ಕನ್ಯಾಕುಮಾರಿಗೆ ಹೋಗಬೇಡಿ. ಮುಂದಿನ ಸಸ್ಪೆನ್ಷನ್ ಕೂಡ ಬೇಡ. ಆ ಬೆಲೆಯದ್ದು ಎರಡು ಕೆಜಿ ಮೇಲೆ ತೂಗುತ್ತದೆ, ನಮ್ಮ ಕರಾವಳಿಯ ಉಪ್ಪುಗಾಳಿಗೆ ಒಳಗೆ ಹಿಡಿದುಕೊಂಡು ಸುಮ್ನೆ ಭಾರ ಆಗಿ ಕೂರುತ್ತದೆ.

ಇನ್ನು ಸ್ಪೋಕ್ ಕಡ್ಡಿ. ಹಿಂದಿನ ಚಕ್ರಕ್ಕೆ 36 ಇರಲಿ. 32 ಇದ್ದರೆ ನಿಮ್ಮ ತೂಕಕ್ಕೆ ನಡೆಯುತ್ತದೆ, ಆದರೆ ಚೆನ್ನಾಗಿ ಕಟ್ಟಿರಬೇಕು. ಗೇರ್ ಇರುವ ಬದಿಯ ಕಡ್ಡಿಗಳಿಗೆ ಎಳೆತ ಜಾಸ್ತಿ, ಮುರಿಯುವುದೂ ಅಲ್ಲೇ. ಅದನ್ನು ಹಾಕಬೇಕಾದರೆ ಕ್ಯಾಸೆಟ್ ಬಿಚ್ಚಬೇಕು, ಆ ಕೀಲಿ ಸಣ್ಣ ಊರಿನ ಅಂಗಡಿಯಲ್ಲಿ ಇರುವುದಿಲ್ಲ. ಕೀಲಿ, ನಿಮ್ಮ ಅಳತೆಯದೇ ನಾಲ್ಕಾರು ಕಡ್ಡಿ ನೀವೇ ಇಟ್ಟುಕೊಳ್ಳಿ. ಕಡ್ಡಿಗಳನ್ನು ಹಿಂದಿನ ಫ್ರೇಮ್ ಪೈಪಿಗೆ ಟೇಪ್ ಸುತ್ತಿ ಕಟ್ಟಿಬಿಟ್ಟರೆ ಚೀಲದಲ್ಲಿ ಬಾಗುವುದಿಲ್ಲ.

ಸೈಕಲ್ ನೋಡಲಿಕ್ಕೆ ಹೋದಾಗ ಚಕ್ರದ ಎರಡೆರಡು ಕಡ್ಡಿ ಹಿಡಿದು ಹಿಂಡಿ ನೋಡಿ. ಬಲಗಡೆಯವೆಲ್ಲ ಹೆಚ್ಚುಕಮ್ಮಿ ಒಂದೇ ಬಿಗಿ ಇರಬೇಕು. ಒಂದು ಕಡ್ಡಿಯನ್ನು ಬೆರಳಲ್ಲಿ ಮೀಟಿದರೆ ಟಿಂಗ್ ಅನ್ನಬೇಕು. ಪಕ್ಕದ್ದು ಧಪ್ ಅಂದರೆ ಆ ಚಕ್ರ ಬೆಂಡ್ ತೆಗೆದು ತೆಗೆದು ದಣಿದಿದೆ ಅಂತ ಅರ್ಥ.

ಅಕ್ಕೋರು, ಹೊನ್ನಾವರ

ಎಲ್ಲರೂ ಸೈಕಲ್ ಬಗ್ಗೆಯೇ ಹೇಳುತ್ತಿದ್ದೀರಿ, ಹತ್ತುವವಳ ಬಗ್ಗೆ ಯಾರೂ ಕೇಳಲಿಲ್ಲ. ತಂಗಿ, ನಿನ್ನ ಎತ್ತರವೇ ನನ್ನದೂ. ನಮ್ಮ ಎತ್ತರಕ್ಕೆ ಮಾಡಿದ ಸಣ್ಣ ಫ್ರೇಮಿಗೆ 700 ಅಳತೆಯ ದೊಡ್ಡ ಚಕ್ರ ಕೂರಿಸಿದರೆ ಮುಂದಿನ ಚಕ್ರ ಪೆಡಲ್‌ಗೆ ತೀರಾ ಹತ್ತಿರ ಬರುತ್ತದೆ. ನಿಧಾನಕ್ಕೆ ಹ್ಯಾಂಡಲ್ ತಿರುಗಿಸಿದಾಗ ಶೂ ತುದಿ ಟಯರಿಗೋ ಮಡ್‌ಗಾರ್ಡಿಗೋ ತಾಗುತ್ತದೆ. ವೇಗದಲ್ಲಿ ಇದು ಗೊತ್ತೇ ಆಗುವುದಿಲ್ಲ, ಆಗ ಹ್ಯಾಂಡಲ್ ಅಷ್ಟು ತಿರುಗಿಸುವುದೇ ಇಲ್ಲ. ಆದರೆ ಘಟ್ಟದ ತಿರುವಿನಲ್ಲಿ ಭಾರ ಹೊತ್ತು ಐದಾರು ಕಿ.ಮೀ ವೇಗದಲ್ಲಿ ಹತ್ತುವಾಗ ತಾಗಿದರೆ ಬೀಳುವುದೇ. 26 ಇಂಚಿನ ಚಕ್ರದಲ್ಲಿ ಈ ತೊಂದರೆ ಬಹಳ ಕಮ್ಮಿ. ಗ್ರಾವೆಲ್ ನೋಡಲಿಕ್ಕೆ ಹೋದಾಗ ಪೆಡಲ್ ಮುಂದಕ್ಕೆ ತಂದು, ಶೂ ಹಾಕಿಕೊಂಡೇ, ಹ್ಯಾಂಡಲ್ ಎರಡೂ ಕಡೆ ತಿರುಗಿಸಿ ನೋಡು.

ಸೀಟಿನ ಎತ್ತರಕ್ಕೆ ಸುಲಭದ ಪರೀಕ್ಷೆ: ಗೋಡೆ ಹಿಡಿದು ಕೂತು, ಪೆಡಲ್ ಕೆಳಗೆ ತಂದು, ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೇರ ಆಗಬೇಕು. ಆಮೇಲೆ ತುಳಿಯುವಾಗ ಪಾದದ ಮುಂಭಾಗ ಇಟ್ಟರೆ ಮಂಡಿ ಸ್ವಲ್ಪ ಮಡಚಿರುತ್ತದೆ, ಅದೇ ಸರಿ. ಹ್ಯಾಂಡಲ್ ದೂರ ಇದ್ದರೆ ಕುತ್ತಿಗೆ, ಅಂಗೈ ನೋವು ಶುರುವಾಗುತ್ತದೆ. ಎತ್ತರ ಬದಲಿಸುವುದು ಸುಲಭ, ಉದ್ದ ಬದಲಿಸುವುದು ಕಷ್ಟ. ಮೇಲಿನ ಪೈಪ್ ಉದ್ದ ಇದ್ದರೆ ಎಷ್ಟೇ ಅಗ್ಗ ಸಿಕ್ಕಿದರೂ ಬಿಟ್ಟುಬಿಡು.

ಮೆತ್ತನೆಯ ದಪ್ಪ ಸೀಟು ಅಂಗಡಿಯಲ್ಲಿ ಹಿತ ಅನ್ನಿಸುತ್ತದೆ, ಮಂಗಳೂರು ಮುಟ್ಟುವುದರೊಳಗೆ ಹಿಂಸೆ. ಕೂರುವ ಮೂಳೆಯ ಅಗಲಕ್ಕೆ ಸರಿಯಾಗಿ ಗಟ್ಟಿ ಸೀಟು ಬೇಕು. ಹೆಂಗಸರಿಗೆ ಸಾಮಾನ್ಯವಾಗಿ ಸ್ವಲ್ಪ ಅಗಲದ್ದು. ಬ್ರೂಕ್ಸ್ ತರದ ಚರ್ಮದ ಸೀಟು ಹೊಂದಿಕೊಂಡರೆ ಅದರಷ್ಟು ಸುಖ ಇಲ್ಲ, ಆದರೆ ನೆನೆಯಲಿಕ್ಕೆ ಬಿಡಬಾರದು. ಸೀಟು ಈಗಲೇ ತಗೊಂಡು ಸಂಕ್ರಾಂತಿ ತನಕ ದಿನಾ ಅದರ ಮೇಲೇ ಓಡಾಡು. ಪ್ಯಾಡ್ ಇರುವ ಚಡ್ಡಿ ಎರಡು ಇರಲಿ, ಅದರೊಳಗೆ ಬೇರೆ ಒಳಬಟ್ಟೆ ಹಾಕಬಾರದು, ಹೊಲಿಗೆ ಉಜ್ಜಿ ಹುಣ್ಣಾಗುತ್ತದೆ. ತೊಡೆಸಂದಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊ.

ಚಕ್ರದ ಅಂಗಡಿ, ಕುಮಟಾ

ಅಕ್ಕೋರು ಹೇಳಿದ ಎಣ್ಣೆ ಚರ್ಮಕ್ಕೆ ಮಾತ್ರ. ಚೈನಿಗೆ ಕೊಬ್ಬರಿ ಎಣ್ಣೆ ಹಾಕಿ ತರುವವರು ಈಗಲೂ ಇದ್ದಾರೆ. ಊಟಿ ಚಳಿಗೆ ಅದು ಹೆಪ್ಪುಗಟ್ಟುತ್ತದೆ, ಇಲ್ಲಿ ಕೆಂಪು ಧೂಳು ಹಿಡಿದು ಅರೆಯುವ ಪೇಸ್ಟ್ ಆಗುತ್ತದೆ. ಚೈನಿನ ಎಣ್ಣೆಯೇ ಹಾಕಿ, ಕೊಂಡಿಗೆ ಒಂದೊಂದು ಹನಿ, ಆಮೇಲೆ ಮೇಲಿನದನ್ನೆಲ್ಲ ಬಟ್ಟೆಯಲ್ಲಿ ಒರೆಸಿ.

ಮಾಸ್ತರು, ಸಿದ್ದಾಪುರ

ನೀವೆಲ್ಲ ಗೇರಿನ ಹಲ್ಲು ಎಣಿಸುತ್ತಿದ್ದೀರಿ. 1923ರಲ್ಲಿ ಮುಂಬೈಯಿಂದ ಆರು ಜನ ಪಾರ್ಸಿ ಹುಡುಗರು ಸೈಕಲ್ ಮೇಲೆ ಪ್ರಪಂಚ ಸುತ್ತಲಿಕ್ಕೆ ಹೊರಟರು. ಅವರಲ್ಲಿ ಅದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭುಮ್ಗರಾ ಅನ್ನುವ ಮೂವರು ಪೂರ್ತಿ ಮುಗಿಸಿ 1928ರಲ್ಲಿ ವಾಪಸ್ ಬಂದರು. ಅವರಿಗೆ ಈಗಿನ ಯಾವ ಅನುಕೂಲ ಇತ್ತು? ನಮ್ಮ ಕಾಲದ ಕಪ್ಪು 28 ಇಂಚಿನ ಸೈಕಲ್ ಈಗಲೂ ಸಿಗುತ್ತದೆ. ಟಯರು, ಟ್ಯೂಬು, ಕಡ್ಡಿ ಯಾವ ಹಳ್ಳಿಯಲ್ಲೂ ಸಿಗುತ್ತದೆ. ಕ್ಯಾರಿಯರ್ ಮೇಲೆ ಅಕ್ಕಿ ಮೂಟೆ ಹೊತ್ತ ಸೈಕಲ್ ಅದು. ಅದರಲ್ಲೇ ಹೋಗಲಿ ಅಂತ ನನ್ನ ಅಭಿಪ್ರಾಯ.

ಅರಬೈಲ್ ಏರು, ಯಲ್ಲಾಪುರ

ಮಾಸ್ತರೇ, ಆ ಮೂವರ ಮೇಲೆ ನನಗೂ ಅಷ್ಟೇ ಗೌರವ. ಆದರೆ ಅವರು ಎಷ್ಟೋ ಕಡೆ ಸೈಕಲ್ ದಬ್ಬಿಕೊಂಡು ನಡೆದಿದ್ದಾರೆ. ಕಪ್ಪು ಸೈಕಲ್‌ಗೆ ಸಾಮಾನ್ಯವಾಗಿ ಮುಂದೆ 44, ಹಿಂದೆ 18 ಹಲ್ಲು. ಒಂದು ಸುತ್ತಿಗೆ ಐದು ಮೀಟರಿಗೂ ಜಾಸ್ತಿ. ದೇವಿಮನೆಯಲ್ಲಿ ನಡೆಯುವುದೇ ಗತಿ. ಇಳಿಯುವಾಗ ಇನ್ನೂ ಕಷ್ಟ. ಸ್ಟೀಲ್ ರಿಮ್ಮಿಗೆ ನೀರು ತಾಗಿದರೆ ರಾಡ್ ಬ್ರೇಕ್ ಹಿಡಿಯುವುದೇ ಇಲ್ಲ ಅನ್ನಬಹುದು. ಭಾರ ಹೊತ್ತ ಸೈಕಲ್‌ನಲ್ಲಿ ಊಟಿ ಇಳಿಯಲಿಕ್ಕೆ ಅದು ಬೇಡ.

ಚಕ್ರದ ಅಂಗಡಿ, ಕುಮಟಾ

ಮಾಸ್ತರು ಹೇಳಿದ್ದರಲ್ಲಿ ಒಂದು ಮಾತು ಎಲ್ಲರೂ ತಗೊಳ್ಳಬೇಕು, ದಾರಿಯಲ್ಲಿ ಏನು ಸಿಗುತ್ತದೆ ಅನ್ನುವುದು. ಕಪ್ಪು ಸೈಕಲ್‌ನ 28 ಇಂಚು ಬೇರೆ, ಗ್ರಾವೆಲ್‌ನ 700 ಬೇರೆ. ನೋಡಲಿಕ್ಕೆ ಒಂದೇ ತರ ಕಂಡರೂ ಒಂದರ ರಿಮ್ ಅಡ್ಡಳತೆ 635 ಮಿ.ಮೀ, ಇನ್ನೊಂದರದು 622. ಟಯರ್ ಅದಲುಬದಲು ಆಗುವುದಿಲ್ಲ. ದಪ್ಪ 700 ಟಯರ್ ದೊಡ್ಡ ಊರಿನ ದೊಡ್ಡ ಅಂಗಡಿಯಲ್ಲಿ ಮಾತ್ರ. 26 ಇಂಚಿನದು, ಅಂದರೆ ಹುಡುಗರ ಎಂಟಿಬಿ ಸೈಕಲ್‌ನದು, ತಾಲ್ಲೂಕು ಊರಿನಲ್ಲೆಲ್ಲ ಸಿಗುತ್ತದೆ. ಆದರೆ 26ರಲ್ಲೂ ಬೇರೆ ಬೇರೆ ಅಳತೆ ಇದೆ. ಟಯರ್ ಪಕ್ಕದಲ್ಲಿ 559 ಅಂತ ಇದೆಯಾ ನೋಡಿ. 47-559 ಅಂದರೆ 47 ಮಿ.ಮೀ ಅಗಲ, 559 ರಿಮ್.

ವಾಲ್ವ್ ಕೂಡ ನೋಡಿ. ಪೆಟ್ರೋಲ್ ಬಂಕಿನ ಗಾಳಿ ಬೈಕಿನ ತರದ ದಪ್ಪ ವಾಲ್ವಿಗೆ ಮಾತ್ರ ಹಿಡಿಯುತ್ತದೆ. ಸಪೂರದ ಪ್ರೆಸ್ಟಾ ವಾಲ್ವ್ ಇದ್ದರೆ ಹಿತ್ತಾಳೆಯ ಸಣ್ಣ ಅಡಾಪ್ಟರ್ ಸಿಗುತ್ತದೆ, ಎರಡು ತಗೊಂಡಿಡಿ. ಪಂಪಂತೂ ಕೈಯಲ್ಲಿ ಇರಲೇಬೇಕು.

ಮತ್ತೊಂದು, ಹೆದ್ದಾರಿಯಲ್ಲಿ ಮೊಳೆಗಿಂತ ಜಾಸ್ತಿ ಪಂಕ್ಚರ್ ಮಾಡುವುದು ಲಾರಿ ಟಯರ್ ಸಿಡಿದಾಗ ಬಿದ್ದ ತಂತಿ ಚೂರು. ಕೂದಲಿನಷ್ಟು ಸಪೂರ, ಕಣ್ಣಿಗೆ ಕಾಣುವುದಿಲ್ಲ. ಟ್ಯೂಬಿಗೆ ಪ್ಯಾಚ್ ಹಾಕಿ ಟಯರ್ ಹಾಗೇ ಕೂರಿಸಿದರೆ ಒಂದು ಕಿ.ಮೀ ಹೋಗುವುದರೊಳಗೆ ಮತ್ತೆ ಅದೇ ಜಾಗದಲ್ಲಿ ತೂತು. ಟಯರಿನ ಒಳಗಡೆ ಬಟ್ಟೆ ಆಡಿಸಿ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೋ ಅಲ್ಲಿ ತಂತಿ ಇದೆ. ಚಿಮಟದಲ್ಲಿ ಎಳೆದು ತೆಗೆಯಿರಿ.

ಕಾಳಿತೀರ, ಕಾರವಾರ

ಇದು ನಿಜ. ಕಾರವಾರ ಅಂಕೋಲಾ ನಡುವೆ ನನಗೂ ಇದೇ ಗೋಳು. ಹಾಗೇ ನಮ್ಮ ಹೆದ್ದಾರಿಯಲ್ಲಿ ಮೀನು ಲಾರಿಯಿಂದ ಸೋರುವ ನೀರು ಇನ್ನೊಂದು. ತಿರುವಿನಲ್ಲಿ ಜಾರುತ್ತದೆ, ಉಪ್ಪು ಚೈನಿಗೂ ಬೋಲ್ಟಿಗೂ ಹತ್ತುತ್ತದೆ. ಸಂಜೆ ಒಂದು ಬಾಟಲಿ ಸಿಹಿನೀರು ಸುರಿದು ಒರೆಸಿದರೆ ಸಾಕು.

ಗ್ರಾವೆಲ್‌ನ ಬ್ರೇಕ್ ಬಗ್ಗೆ ಯಾರೂ ಮಾತಾಡಿಲ್ಲ. ಹೈಡ್ರಾಲಿಕ್ ಡಿಸ್ಕ್ ಎರಡೇ ಬೆರಳಲ್ಲಿ ಹಿಡಿಯುತ್ತದೆ, ಸಣ್ಣ ಕೈಯವರಿಗೆ ಉದ್ದದ ಇಳಿಜಾರಿನಲ್ಲಿ ಇದು ದೊಡ್ಡ ಉಪಕಾರ.

ಚಕ್ರದ ಅಂಗಡಿ, ಕುಮಟಾ

ಹಿಡಿತ ಚೆನ್ನಾಗಿದೆ, ನನ್ನ ತಕರಾರಿಲ್ಲ. ಕೆಡುವುದೂ ಅಪರೂಪ. ಆದರೆ ಕೆಟ್ಟರೆ ಸಣ್ಣ ಊರಿನಲ್ಲಿ ಎಣ್ಣೆ ತುಂಬಿಸಿ ಗಾಳಿ ತೆಗೆಯುವ ಸಾಮಾನು ಇರುವುದಿಲ್ಲ. ಶಿಮಾನೊ ಬ್ರೇಕಿಗೆ ಮಿನರಲ್ ಎಣ್ಣೆ, ಬೇರೆ ಕೆಲವಕ್ಕೆ ಡಾಟ್ ಎಣ್ಣೆ. ಒಂದಕ್ಕೆ ಇನ್ನೊಂದು ಹಾಕಿದರೆ ಒಳಗಿನ ರಬ್ಬರ್ ಹಾಳು. ಬೈಕ್ ಮೆಕ್ಯಾನಿಕ್ ಹತ್ತಿರ ಇರುವುದು ಡಾಟ್ ಎಣ್ಣೆ, ಅವನು ಉಪಕಾರ ಅಂತ ಅದನ್ನೇ ಹಾಕಿಬಿಡುತ್ತಾನೆ. ಕೇಬಲ್ ಬ್ರೇಕ್ ಆದರೆ ತಂತಿ ಎಲ್ಲಾದರೂ ಸಿಗುತ್ತದೆ. ರಿಮ್ ಬ್ರೇಕ್ ಇದ್ದರೆ ಒಂದು ಜೊತೆ ಹೆಚ್ಚುವರಿ ಬ್ರೇಕ್ ರಬ್ಬರ್ ಇಟ್ಟುಕೊಳ್ಳಿ, ಘಟ್ಟ ಇಳಿಯುವಾಗ ಒಂದೇ ಸಮ ಒತ್ತಿ ಹಿಡಿಯದೆ ಬಿಟ್ಟು ಬಿಟ್ಟು ಒತ್ತಿ, ಇಲ್ಲದಿದ್ದರೆ ರಿಮ್ ಬಿಸಿಯಾಗುತ್ತದೆ.

ತೋಟದಮನೆ, ಶಿರಸಿ

ಎಲ್ಲರಿಗೂ ತುಂಬ ಉಪಕಾರ. ಹೈಬ್ರಿಡ್ ಕೈಬಿಟ್ಟೆ. ಆ ಅಂಗಡಿಗೆ ಫೋನ್ ಮಾಡಿ ಕೇಳಿದೆ, ಹಿಂದೆ ಇರುವುದು ಫ್ರೀವೀಲೇ. ಮಾಸ್ತರೇ, ಕಪ್ಪು ಸೈಕಲ್ ನಮ್ಮ ಅಟ್ಟದಲ್ಲೂ ಇದೆ, ಆದರೆ ಅದರ ಸೀಟು ಎಷ್ಟು ಇಳಿಸಿದರೂ ನನಗೆ ಕಾಲು ಎಟುಕುವುದಿಲ್ಲ.

ಸಾಮಾನು ಎಲ್ಲ ಹಾಸಿ ತೂಗಿ ನೋಡಿದೆ. ಏನೇ ಮಾಡಿದರೂ 11 ಕೆಜಿಗಿಂತ ಕೆಳಗೆ ಬರುತ್ತಿಲ್ಲ. ನೀರೇ 2 ಕೆಜಿ. ಸ್ಟೀಲ್ ಎಲ್ಲಿ ಬೇಕಾದರೂ ಬೆಸುಗೆ ಹಾಕಿಸಬಹುದು ಅಂತ ಎಲ್ಲರೂ ಹೇಳುತ್ತಾರೆ, ಅದು ಎಷ್ಟು ನಿಜ? ಹಳೆಯ ಸೈಕಲ್ ತಗೊಳ್ಳುವಾಗ ಏನು ನೋಡಬೇಕು?

ಚಕ್ರದ ಅಂಗಡಿ, ಕುಮಟಾ

ಅರ್ಧ ನಿಜ. ಒಳ್ಳೆಯ ಕ್ರೋಮೋಲಿ (ಗಟ್ಟಿ ಮಿಶ್ರ ಸ್ಟೀಲ್) ಪೈಪಿನ ದಪ್ಪ ಒಂದು ಮಿ.ಮೀಗಿಂತ ಕಮ್ಮಿ. ಗೇಟು ಮಾಡುವವರ ವೆಲ್ಡಿಂಗ್ ರಾಡಿನಲ್ಲಿ ಮುಟ್ಟಿದರೆ ತೂತೇ ಬೀಳುತ್ತದೆ. ಹಿತ್ತಾಳೆ ಬೆಸುಗೆ ಗೊತ್ತಿರುವವರು ಬೇಕು. ಆದರೆ ಕ್ಯಾರಿಯರ್ ಸ್ಟೀಲಿನದ್ದಾದರೆ ಯಾವ ಗ್ಯಾರೇಜಿನಲ್ಲೂ ಬೆಸುಗೆ ಆಗುತ್ತದೆ, ದಾರಿಯಲ್ಲಿ ಮುರಿಯುವುದೂ ಫ್ರೇಮಿಗಿಂತ ಕ್ಯಾರಿಯರೇ ಜಾಸ್ತಿ. ಅದರ ಬೋಲ್ಟುಗಳನ್ನು ಎರಡು ದಿನಕ್ಕೊಮ್ಮೆ ಬಿಗಿ ಮಾಡಿ.

ಮಡಗಾವೂ ಸಮುದ್ರದ ಹತ್ತಿರವೇ, ಆದ್ದರಿಂದ ತುಕ್ಕು ನೋಡಿ. ಸೈಕಲ್ ತಲೆಕೆಳಗು ಮಾಡಿ ಪೆಡಲ್ ಆಕ್ಸಲ್ ಕೂರುವ ಜಾಗದ ಅಡಿ, ಹಿಂದಿನ ಚಕ್ರ ಸಿಕ್ಕಿಸುವ ಜಾಗ, ಇಲ್ಲೆಲ್ಲ ಬಣ್ಣ ಗುಳ್ಳೆ ಎದ್ದಿದೆಯಾ ನೋಡಿ. ಗುಳ್ಳೆ ಇದ್ದರೆ ಒಳಗಿಂದ ತಿಂದಿದೆ. ಮುಂದಿನ ಕೆಳಗಿನ ಪೈಪು ಹ್ಯಾಂಡಲ್ ಕಡೆ ಕೂಡುವಲ್ಲಿ ಅಡಿಯಿಂದ ಬೆರಳು ಸವರಿ. ನುಣ್ಣಗೆ ಇರಬೇಕು. ಸಣ್ಣ ಮಡಿಕೆ, ಅಲೆ ತರ ಬೆರಳಿಗೆ ಸಿಕ್ಕಿದರೆ ಆ ಸೈಕಲ್ ಎಲ್ಲೋ ಎದುರಿಗೆ ಗುದ್ದಿಸಿಕೊಂಡಿದೆ, ಬಿಟ್ಟು ಬನ್ನಿ. ಕಣ್ಣಿಗೆ ಕಾಣದೆ ಇದ್ದರೂ ಬೆರಳಿಗೆ ಗೊತ್ತಾಗುತ್ತದೆ.

ಸೀಟ್ ಪೈಪ್ ಮೇಲೆ ಕೆಳಗೆ ಮಾಡಿಸಿ ನೋಡಿ. ಸ್ಟೀಲ್ ಫ್ರೇಮಿನೊಳಗೆ ಅಲ್ಯೂಮಿನಿಯಂ ಸೀಟ್ ಪೈಪು ಉಪ್ಪುಗಾಳಿಗೆ ಕಚ್ಚಿಕೊಂಡರೆ ತೆಗೆಯುವುದು ಮಹಾ ಕಷ್ಟ, ನಿಮ್ಮ ಎತ್ತರಕ್ಕೆ ಇಳಿಸಲಿಕ್ಕೂ ಆಗುವುದಿಲ್ಲ. ಅಡಿಯಲ್ಲಿರುವ ನಂಬರ್ ಬರೆದುಕೊಳ್ಳಿ, ಮಾರುವವರಿಂದ ಚೀಟಿ ಬರೆಸಿಕೊಳ್ಳಿ.

ಅರಬೈಲ್ ಏರು, ಯಲ್ಲಾಪುರ

ತಂಗಿ, ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡು. ನನ್ನ ಸ್ಟೀಲ್ ಸೈಕಲ್‌ನಲ್ಲೂ 26/34 ಇದೆ. ಭಾನುವಾರ ಕತಗಾಲಕ್ಕೆ ತರುತ್ತೇನೆ. ಕಾಳಿತೀರದವರು ಗ್ರಾವೆಲ್ ತಂದರೆ ಎರಡರಲ್ಲೂ ನಿನ್ನ ಸಾಮಾನು ಹೇರಿ ಕತಗಾಲದಿಂದ ದೇವಿಮನೆ ದೇವಸ್ಥಾನದ ತನಕ ಹತ್ತಿ ನೋಡು. ಅಂಗಡಿ ಮುಂದೆ ಖಾಲಿ ಸೈಕಲ್‌ನಲ್ಲಿ ಒಂದು ಸುತ್ತು ಹೊಡೆದರೆ ಹಗುರದ್ದೇ ಗೆಲ್ಲುತ್ತದೆ. ಭಾರ ಹೇರಿ ಘಟ್ಟ ಹತ್ತಿದಾಗ ಗೊತ್ತಾಗುವುದು.

ಕಾಳಿತೀರ, ಕಾರವಾರ

ತರುತ್ತೇನೆ. ನನ್ನದರಲ್ಲೂ 40 ಹಲ್ಲೇ ಇರುವುದು. ಫ್ರೇಮ್ ಸ್ವಲ್ಪ ದೊಡ್ಡದಾಗಬಹುದು, ಸೀಟು ಇಳಿಸಿ ಕೊಡುತ್ತೇನೆ.

ತೋಟದಮನೆ, ಶಿರಸಿ

ಹೋಗಿ ಬಂದೆವು. ವಿವರವಾಗಿ ಬರೆಯುತ್ತೇನೆ, ನನ್ನ ತರ ಹುಡುಕುವವರಿಗೆ ಉಪಯೋಗ ಆಗಬಹುದು.

ಮೊದಲು ಗ್ರಾವೆಲ್. ಕತಗಾಲದ ಸಪಾಟು ರಸ್ತೆಯಲ್ಲಿ ಹಾರಿಕೊಂಡು ಹೋಯಿತು, ಆ ಸುಖ ನಿಜಕ್ಕೂ ಬೇರೆ. 11 ಕೆಜಿ ಸಾಮಾನು ಆ ಮೂರು ಚೀಲಕ್ಕೆ ಹಿಡಿಯಲೇ ಇಲ್ಲ, ಹೊದಿಕೆಯನ್ನು ಬೆನ್ನಿಗೆ ಕಟ್ಟಿಕೊಂಡೆ. ಘಟ್ಟ ಶುರುವಾದ ಮೇಲೆ ಗೇರ್ ಮುಗಿದುಹೋಯಿತು. ಇನ್ನೊಂದು ಇದೆಯೇನೋ ಅಂತ ಬೆರಳು ಒತ್ತುತ್ತಲೇ ಇತ್ತು, ಇರಲಿಲ್ಲ. ತಿರುವುಗಳಲ್ಲಿ ಎದ್ದು ನಿಂತು ತುಳಿಯಬೇಕಾಯಿತು, ನಿಂತಾಗ ಹಿಂದಿನ ಉದ್ದ ಚೀಲ ಆಚೀಚೆ ಅಲ್ಲಾಡಿ ಸೈಕಲ್ಲನ್ನೇ ಎಳೆಯುತ್ತಿತ್ತು. ಹತ್ತಿದೆ, ಆದರೆ ಮೇಲೆ ಮುಟ್ಟುವಾಗ ಮಂಡಿ ಚಿಪ್ಪಿನ ಅಡಿ ನೋವು. ಶೂ ತುದಿಯೂ ಒಂದು ಕಡೆ ಟಯರಿಗೆ ತಾಗಿತು, ಅಕ್ಕೋರು ಹೇಳಿದ ಹಾಗೇ.

ಊಟ ಮಾಡಿ, ದಣಿವು ಆರಿಸಿಕೊಂಡು ಸ್ಟೀಲ್ ಸೈಕಲ್ ಹತ್ತಿದೆ. ಅದರ ಮೇಲೆ 15 ಕೆಜಿ ಪೂರ್ತಿ. ನಿಧಾನ, ಬಹಳ ನಿಧಾನ. ಆದರೆ ಕೂತೇ ಇದ್ದೆ. ಪಕ್ಕದಲ್ಲಿ ಬರುತ್ತಿದ್ದ ಅಣ್ಣನ ಹತ್ತಿರ ಮಾತಾಡಿಕೊಂಡೇ ಹತ್ತಿದೆ, ಮಂಗಗಳನ್ನು ನೋಡಲಿಕ್ಕೂ ಪುರುಸೊತ್ತಿತ್ತು. ಮೇಲೆ ಮುಟ್ಟಿದ ಮೇಲೆ ಇನ್ನೂ ಹೋಗಬಹುದು ಅನ್ನಿಸಿತು. ಕನ್ಯಾಕುಮಾರಿಯಿಂದ ಬರುವಾಗ ನನಗೆ ಬೇಕಾಗಿರುವುದು ಇದೇ ಅನ್ನಿಸಿಕೆ.

ಕಾಳಿತೀರ, ಕಾರವಾರ

ನಾನೂ ಜೊತೆಗೇ ಇದ್ದೆ, ನೋಡಿದೆ. 15 ಕೆಜಿ ಹೊರುವವರಿಗೆ ಸ್ಟೀಲ್ ಅಂತ ಒಪ್ಪುತ್ತೇನೆ. ಆದರೆ ಸಾಮಾನು 7 ಕೆಜಿಗೆ ಇಳಿಸಬಲ್ಲವರು, ಎತ್ತರ ಇರುವವರು, 36 ಹಲ್ಲು ಹಾಕಿಸಿ ಗ್ರಾವೆಲ್‌ನಲ್ಲಿ ಹೋದರೆ ದಿನಕ್ಕೆ ಒಂದು ಊರು ಮುಂದೆ ಹೋಗುತ್ತಾರೆ. ಈ ಮಾತು ನಾನು ಬಿಡುವುದಿಲ್ಲ.

ಅಕ್ಕೋರು, ಹೊನ್ನಾವರ

ತಂಗಿ, ಬೆಳಿಗ್ಗೆ ಬೆಳಕು ಹರಿಯುತ್ತಲೇ ಹೊರಟು ಮಧ್ಯಾಹ್ನ ಮೂರರೊಳಗೆ ಊರು ಸೇರು. ಬಸ್ ಸ್ಟ್ಯಾಂಡ್ ಹತ್ತಿರ ಸಂಸಾರಸ್ಥರು ಇಳಿಯುವ ಲಾಡ್ಜ್ ನೋಡು, ಸೈಕಲ್ ರೂಮಿನೊಳಗೆ ಇಡಲಿಕ್ಕೆ ಬಿಡುತ್ತಾರಾ ಅಂತ ಮೊದಲೇ ಕೇಳು. ಊಟಿಯಿಂದ ಮೈಸೂರಿಗೆ ಬರುವಾಗ ಮುದುಮಲೆ, ಬಂಡೀಪುರ ಕಾಡು. ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ರಸ್ತೆ ಬಂದ್, ಹಗಲಲ್ಲೂ ಆನೆ ಓಡಾಡುವ ಜಾಗ. ಅಷ್ಟು ದೂರ ಪಿಕಪ್‌ಗೆ ಸೈಕಲ್ ಹಾಕಿಸಿಕೊಂಡು ದಾಟು, ಅದರಲ್ಲಿ ಸಣ್ಣತನ ಏನೂ ಇಲ್ಲ. ನಮ್ಮಲ್ಲಿ ಮೊದಲ ದಿನ ಉಳಿಯಬೇಕು, ಇದು ಕೇಳುವುದಲ್ಲ, ಹೇಳುವುದು. ಶರಾವತಿ ಸೇತುವೆ ಮುಟ್ಟುವ ಮೊದಲೇ ಫೋನ್ ಮಾಡು.

ತೋಟದಮನೆ, ಶಿರಸಿ

ಖಂಡಿತ ಬರುತ್ತೇನೆ ಅಕ್ಕೋರೆ.

ಮಡಗಾವಿಗೆ ಹೋಗಿದ್ದೆ. ಕೆಳಗಿನ ಪೈಪು ನುಣ್ಣಗಿದೆ, ಗುಳ್ಳೆ ಇಲ್ಲ, ಸೀಟ್ ಪೈಪು ಸರಾಗವಾಗಿ ಇಳಿಯಿತು, ಟಯರ್ ಮೇಲೆ 47-559 ಅಂತಲೇ ಇದೆ. ಹ್ಯಾಂಡಲ್ ಕೈಗೆ ಸರಿಯಾಗಿ ಸಿಗುತ್ತದೆ. ಮುಂದಿನ ಚಕ್ರ ಎಲ್ಲ ಟಿಂಗ್. ಹಿಂದಿನದರಲ್ಲಿ ಬಲಗಡೆ ಕೆಲವು ಕಡ್ಡಿ ಧಪ್ ಅಂದವು, ರಿಮ್ಮೂ ಬ್ರೇಕ್ ತಾಗುವಲ್ಲಿ ಬೆರಳಿಗೆ ಗುಳಿ ಸಿಗುವಷ್ಟು ಸವೆದಿದೆ. ಅದನ್ನು ತೋರಿಸಿದ್ದಕ್ಕೆ ಅವರು ಬೆಲೆ ಇಳಿಸಿದರು. ಅಲ್ಲೇ ಸ್ಟೇಷನ್ನಿನಲ್ಲಿ ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಲಗೇಜ್ ಬುಕ್ ಮಾಡಿ ಕುಮಟಾಕ್ಕೆ ರೈಲಿನಲ್ಲಿ ತಂದೆ. ಈಗ ಸೈಕಲ್ ಮನೆಯಲ್ಲಿದೆ. ಅಂಗಡಿ ಅಣ್ಣ, ಹಿಂದಿನ ಚಕ್ರ ಹೊಸದಾಗಿ ಕಟ್ಟಿಕೊಡುತ್ತೀರಾ?

ಚಕ್ರದ ಅಂಗಡಿ, ಕುಮಟಾ

ಕಟ್ಟಿಕೊಡುತ್ತೇನೆ. ಸವೆದ ರಿಮ್ ಘಟ್ಟ ಇಳಿಯುವಾಗ ಸೀಳುತ್ತದೆ, ಅದು ಹೋಗಲಿ. ಹಬ್ ಇಟ್ಟುಕೊಂಡು ಹೊಸ ಡಬಲ್ ವಾಲ್ ರಿಮ್, 36 ಹೊಸ ಕಡ್ಡಿ ಹಾಕೋಣ. ಪೂರ್ತಿ ಸೈಕಲ್ ತರುವುದು ಬೇಡ, ಚಕ್ರ ಮಾತ್ರ ಬಿಚ್ಚಿ ಕ್ಯಾಸೆಟ್ ಸಮೇತ ಶಿರಸಿ–ಕುಮಟಾ ಬಸ್ಸಿಗೆ ಹಾಕಿ ಕಳಿಸಿ, ಸ್ಟ್ಯಾಂಡಿಗೆ ಬಂದು ಇಳಿಸಿಕೊಳ್ಳುತ್ತೇನೆ. ಆಕ್ಸಲ್ ತುದಿಗೆ ಬಟ್ಟೆ ಸುತ್ತಿ. ಕಟ್ಟಿದ ಮೇಲೆ ಭಾರ ಹಾಕಿ ನೂರಿನ್ನೂರು ಕಿ.ಮೀ ಓಡಿಸಿ ಮತ್ತೆ ತನ್ನಿ, ಹೊಸ ಕಡ್ಡಿ ಕೂತ ಮೇಲೆ ಇನ್ನೊಂದು ಸಲ ಬಿಗಿ ಮಾಡಬೇಕು. ಅಷ್ಟಕ್ಕೆ ಸಮಯ ಬೇಕು, ಕೊಯ್ಲು ಮುಗಿಯುವ ತನಕ ಕಾಯಬೇಡಿ, ಈ ವಾರವೇ ಕಳಿಸಿ.